ಬ್ಯಾಡ್ಜ್ ಬಂತು, ಉಚಿತ ಪ್ರವೇಶ ಬರಲಿಲ್ಲ: ಜಾಲತಾಣದಲ್ಲಿ ಕೊಂಡ ಒಂದು ಬ್ಲೂ ಪೀಟರ್ ಬ್ಯಾಡ್ಜಿನ ವಿಮರ್ಶೆ

ಬ್ರಿಟನ್ನಿನ ಬಿಬಿಸಿಯ ಮಕ್ಕಳ ಕಾರ್ಯಕ್ರಮವಾದ ಬ್ಲೂ ಪೀಟರ್ ತನ್ನ ಪುಟ್ಟ ವೀಕ್ಷಕರಿಗೆ ಮೆಚ್ಚುಗೆಯ ಗುರುತಾಗಿ ಕೊಡುವ ಬ್ಯಾಡ್ಜೊಂದನ್ನು ಕಳೆದ ಮಳೆಗಾಲದಲ್ಲಿ, ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಕುಳಿತೇ, ಹಳೆಯ ವಸ್ತುಗಳನ್ನು ಮಾರುವ ವಿದೇಶಿ ಜಾಲತಾಣವೊಂದರಿಂದ ಕೊಂಡೆ. ಬ್ಯಾಡ್ಜಿನ ಬೆಲೆ 18 ಪೌಂಡ್, ಅಂಚೆವೆಚ್ಚ 14 ಪೌಂಡ್. ಇಲ್ಲಿ ಕಟ್ಟಿದ ಸುಂಕವನ್ನೂ ಸೇರಿಸಿದರೆ ಖರ್ಚಾದದ್ದು 5 ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಬಂದ ವಸ್ತು ಅಸಲಿ. ಅದರ ಜೊತೆಗೆ ಸಿಗುತ್ತದೆಂದು ಮಾರಾಟದ ವಿವರಣೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದ ಸೌಲಭ್ಯ ಮಾತ್ರ ಸಿಗಲಿಲ್ಲ, ಸಿಗುವ ಸಾಧ್ಯತೆಯೂ ಇರಲಿಲ್ಲ. ಇಂಥ ಬ್ಯಾಡ್ಜುಗಳ ಮೇಲೆ ಕಣ್ಣಿಟ್ಟಿರುವ ಸಂಗ್ರಾಹಕರಿಗೂ, ಅದಕ್ಕಿಂತ ಹೆಚ್ಚಾಗಿ ಮಕ್ಕಳೊಂದಿಗೆ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳಿಗೂ ಉಪಯೋಗವಾದೀತೆಂದು ಈ ಅನುಭವವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುವುದು ಒಳ್ಳೆಯದು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗೈಡ್ಸ್ ದಳವನ್ನು ನೋಡಿಕೊಂಡವಳು ನಾನು; ಹುಡುಗಿಯರ ತೋಳಿಗೆ ಪ್ರಾವೀಣ್ಯದ ಬ್ಯಾಡ್ಜುಗಳನ್ನು ಹೊಲಿದು ಹೊಲಿದು, ನಿವೃತ್ತಿಯ ಹೊತ್ತಿಗೆ ಎಲ್ಲ ಬಗೆಯ ಬ್ಯಾಡ್ಜುಗಳನ್ನೂ ಕೂಡಿಡುವ ಚಟ ಅಂಟಿತ್ತು. ಆ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಗುಜರಿ ಅಂಗಡಿಯಲ್ಲಿ ಸಿಕ್ಕ, ಹಳೆಯ ಕಾಲದ ಕಚೇರಿ ಜವಾನನೊಬ್ಬನ ಹಿತ್ತಾಳೆ ಬಿಲ್ಲೆ. ಅಡ್ಡಪಟ್ಟಿಯ ಮೇಲೆ ಅದನ್ನು ಧರಿಸಿ ನಿಂತವನಿಗೆ ಒಂದು ಕಾಲದಲ್ಲಿ ಸಾಹೇಬರ ಕೋಣೆಯ ಬಾಗಿಲು ತೆರೆಯುತ್ತಿತ್ತು, ಹಳ್ಳಿಯಿಂದ ಅರ್ಜಿ ಹಿಡಿದು ಬಂದವರು ಎದ್ದು ನಿಲ್ಲುತ್ತಿದ್ದರು. ಗುಜರಿಯವನು ಅದನ್ನು ನನಗೆ ಕೊಟ್ಟದ್ದು ತಕ್ಕಡಿಯಲ್ಲಿ ತೂಗಿ, ಹಿತ್ತಾಳೆಯ ದರಕ್ಕೆ. ಬಿಲ್ಲೆಯ ಬೆಲೆ ಕೇಳಿದ್ದಕ್ಕೆ ಅವನು ಬಾಗಿಲಿನ ಬೆಲೆ ಸೇರಿಸಿ ಹೇಳಲಿಲ್ಲ. ಈಗ ವಿಮರ್ಶಿಸುತ್ತಿರುವ ಮಾರಾಟಗಾರ ಮಾತ್ರ ಬಾಗಿಲಿನ ಬೆಲೆಯನ್ನೂ ಸೇರಿಸಿದ.

ಬ್ಲೂ ಪೀಟರ್ 1958ರ ಅಕ್ಟೋಬರ್ 16ರಂದು ಆರಂಭವಾದ ಕಾರ್ಯಕ್ರಮ. ಬಂದರಿನಿಂದ ಹೊರಡಲು ಸಿದ್ಧವಾದ ಹಡಗು ಏರಿಸುವ, ನೀಲಿಯ ನಡುವೆ ಬಿಳಿಯ ಚೌಕವಿರುವ ಬಾವುಟಕ್ಕೆ ನಾವಿಕರು ಇಟ್ಟ ಹೆಸರೇ ಕಾರ್ಯಕ್ರಮದ ಹೆಸರಾಯಿತು. ಹಾಯಿಹಡಗಿನ ಲಾಂಛನವನ್ನು ಬಿಡಿಸಿದವರು ಕಲಾವಿದ ಟೋನಿ ಹಾರ್ಟ್. ಬ್ಯಾಡ್ಜ್ ಬಂದದ್ದು 1963ರಲ್ಲಿ. ಅದು ಲಾಟರಿಯಲ್ಲಿ ಬರುವಂಥದ್ದಲ್ಲ, ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ. ಮಗು ಒಂದು ಪತ್ರ ಬರೆಯಬೇಕು, ಚಿತ್ರ ಬಿಡಿಸಬೇಕು, ಪದ್ಯ ಕಟ್ಟಬೇಕು, ಏನನ್ನಾದರೂ ತಯಾರಿಸಿದ್ದರೆ ಅದನ್ನು ತಿಳಿಸಬೇಕು, ಕಾರ್ಯಕ್ರಮಕ್ಕೊಂದು ಒಳ್ಳೆಯ ಉಪಾಯ ಸೂಚಿಸಬೇಕು. ಮೆಚ್ಚುಗೆಯಾದರೆ ಬಿಳಿಯ ಗುರಾಣಿಯ ಮೇಲೆ ನೀಲಿ ಹಡಗಿರುವ ಬ್ಯಾಡ್ಜ್ ಅಂಚೆಯಲ್ಲಿ ಬರುತ್ತದೆ. ಅದನ್ನು ಪಡೆದವರು ಮತ್ತಷ್ಟು ಶ್ರಮಪಟ್ಟರೆ ಬೆಳ್ಳಿಯ ಬಣ್ಣದ್ದು, ಪರಿಸರದ ಕೆಲಸಕ್ಕೆ ಹಸಿರು, ಸ್ಪರ್ಧೆಗಳಲ್ಲಿ ಗೆದ್ದವರಿಗೆ ಕಿತ್ತಳೆ. ಚಿನ್ನದ ಬಣ್ಣದ್ದು ಜೀವ ಉಳಿಸಿದಂಥ ಅಸಾಧಾರಣ ಕೆಲಸಕ್ಕೆ ಮಾತ್ರ. ರಾಣಿ ಎರಡನೇ ಎಲಿಜಬೆತ್ ಮತ್ತು ಡೇವಿಡ್ ಅಟೆನ್‌ಬರೊ ಅವರಿಗೂ ಅದು ಸಂದಿದೆ ಎಂದರೆ ಅದರ ತೂಕ ತಿಳಿಯುತ್ತದೆ. ನಾನು ಕೊಂಡದ್ದು ಮೊದಲನೆಯ ಬಗೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಈ ಬ್ಯಾಡ್ಜಿಗೆ ಮಾರುಕಟ್ಟೆ ಹುಟ್ಟಿಕೊಂಡದ್ದು ಅದರ ಜೊತೆಗಿರುವ ಇನ್ನೊಂದು ಸವಲತ್ತಿನಿಂದ. ಬ್ಯಾಡ್ಜ್ ಗಳಿಸಿದ ಮಕ್ಕಳಿಗೆ ಬ್ರಿಟನ್ನಿನ ಮೃಗಾಲಯ, ಕೋಟೆ, ವಸ್ತುಸಂಗ್ರಹಾಲಯ ಮೊದಲಾದ 200ಕ್ಕೂ ಹೆಚ್ಚು ಸ್ಥಳಗಳಲ್ಲಿ ಉಚಿತ ಪ್ರವೇಶವಿದೆ. ಬಹಳ ವರ್ಷಗಳ ಕಾಲ ಇದಕ್ಕೆ ಅಂಗಿಯ ಮೇಲಿನ ಬ್ಯಾಡ್ಜೇ ಸಾಕಾಗಿತ್ತು, ಟಿಕೆಟ್ ಕೊಡುವವರು ಹಡಗನ್ನು ನೋಡಿ ಒಳಗೆ ಬಿಡುತ್ತಿದ್ದರು. ಅಂತರಜಾಲದ ಹರಾಜು ಕಟ್ಟೆಗಳು ಬಂದ ಮೇಲೆ ಈ ನಂಬಿಕೆ ಕೆಟ್ಟಿತು. ಇಬೇ ತಾಣದಲ್ಲಿ ಬ್ಯಾಡ್ಜುಗಳು ಬಿಕರಿಯಾಗತೊಡಗಿ, ಒಂದು ಸಾಲು ಪತ್ರವನ್ನೂ ಬರೆಯದವರು ದುಡ್ಡು ಕೊಟ್ಟು ಬ್ಯಾಡ್ಜ್ ಕೊಂಡು ಪುಕ್ಕಟೆಯಾಗಿ ಒಳಹೋಗುವುದು ಬೆಳಕಿಗೆ ಬಂದಾಗ, 2006ರ ಮಾರ್ಚ್ ತಿಂಗಳಿನಲ್ಲಿ ಬಿಬಿಸಿ ಉಚಿತ ಪ್ರವೇಶದ ಸೌಲಭ್ಯವನ್ನೇ ತಡೆಹಿಡಿಯಿತು. ಅದೇ ವರ್ಷದ ಜೂನ್‌ನಲ್ಲಿ ಸೌಲಭ್ಯ ಮರಳಿತು, ಆದರೆ ಒಂದು ಷರತ್ತಿನೊಂದಿಗೆ: ಬ್ಯಾಡ್ಜಿನ ಜೊತೆಗೆ ಮಗುವಿನ ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ತೋರಿಸಬೇಕು. ಇಂದಿಗೂ ನಿಯಮ ಅದೇ. 5ರಿಂದ 15 ವರ್ಷದೊಳಗಿನವರಿಗೆ ಮಾತ್ರ ಅನ್ವಯ, ಹಲವು ಕಡೆ ಟಿಕೆಟ್ ಕೊಂಡ ದೊಡ್ಡವರೊಬ್ಬರು ಜೊತೆಯಲ್ಲಿರಬೇಕು. ಯಾರೋ ಕೆಲವರು ಮಾರಿದ್ದಕ್ಕೆ, ಯಾರೋ ಕೆಲವರು ಕೊಂಡದ್ದಕ್ಕೆ, ನಿಜವಾಗಿ ಗಳಿಸಿದ ಮಕ್ಕಳೆಲ್ಲ ಆ ಮೂರು ತಿಂಗಳು ದಂಡ ತೆತ್ತರು.

ಈ ವ್ಯವಸ್ಥೆ ನಮಗೇನೂ ಹೊಸದಲ್ಲ. ವಿದ್ಯಾರ್ಥಿಗಳ ಬಸ್ ಪಾಸಿನ ಮೇಲೆ ಭಾವಚಿತ್ರ ಯಾಕಿರುತ್ತದೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಾನು ಸಹ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತೇನೆ. (ತೀರ್ಥಹಳ್ಳಿಯ ಕಡೆಗೆ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಆ ಭಾಗ್ಯ ನಮಗೆ ಬೇಕೆಂದಾಗಲೆಲ್ಲ ಇರುವುದಿಲ್ಲ ಎಂಬುದು ಬೇರೆ ಮಾತು.) ನನ್ನ ಚೀಟಿಯನ್ನು ನಾನು ಪಕ್ಕದ ಮನೆಯವರಿಗೆ ಮಾರಿದರೆ ಅವರು ಕೊಂಡದ್ದು ಪ್ಲಾಸ್ಟಿಕ್ ತುಂಡೇ ಹೊರತು ಪ್ರಯಾಣವನ್ನಲ್ಲ. ಇಷ್ಟು ಸರಳವಾದ ವಿಷಯವನ್ನು ಬಲ್ಲ ನಾನೇ ಬ್ಯಾಡ್ಜಿನ ವಿಷಯದಲ್ಲಿ ಹೇಗೆ ಮೋಸಹೋದೆ ಎಂಬುದಕ್ಕೆ ಮಾರಾಟದ ವಿವರಣೆಯ ಜಾಣತನವೇ ಕಾರಣ.

ಆ ವಿವರಣೆಯನ್ನು ನಾನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ತಲೆಬರಹದಲ್ಲಿ ಬ್ಯಾಡ್ಜಿನ ಹೆಸರಿಗಿಂತ ಮೊದಲು ಬರುವುದು ‘ಉಚಿತ ಪ್ರವೇಶ’ ಎಂಬ ಮಾತು. ಅದರ ಕೆಳಗೆ 200 ಸ್ಥಳಗಳು, ಇಡೀ ಕುಟುಂಬಕ್ಕೆ ಉಳಿತಾಯ, ರಜೆಗೆ ಹೇಳಿಮಾಡಿಸಿದ ಉಡುಗೊರೆ ಎಂಬ ಸಾಲುಗಳು. ಚಿತ್ರದಲ್ಲಿ ಬ್ಯಾಡ್ಜಿನ ಹಿಂದೆ ಕೋಟೆಯೊಂದರ ಬಾಗಿಲು. ಚೀಟಿಯ ಮಾತು ಎಲ್ಲಿಯೂ ಇಲ್ಲ. ಕೊನೆಗೆ, ವಿಳಾಸ ಮತ್ತು ಅಂಚೆಯ ವಿವರಗಳೆಲ್ಲ ಮುಗಿದ ಮೇಲೆ, ಷರತ್ತುಗಳು ಬದಲಾಗಬಹುದು, ಕೊಳ್ಳುವವರೇ ವಿಚಾರಿಸಿಕೊಳ್ಳಬೇಕು ಎಂದು ಒಂದು ಸಾಲು. ಒಂದೇ ಒಂದು ಸುಳ್ಳು ವಾಕ್ಯವನ್ನೂ ನೇರವಾಗಿ ಬರೆಯದೆ ಒಟ್ಟು ಸುಳ್ಳನ್ನು ಹೇಳುವ ಈ ಕಲೆಗೆ, ಗಣಿತದ ಶಿಕ್ಷಕಿಯಾಗಿ, ಲೆಕ್ಕ ತಪ್ಪಿದರೂ ಹಂತಗಳಿಗೆ ಕೊಡುವ ಅರ್ಧ ಅಂಕವನ್ನಾದರೂ ಕೊಡಬೇಕೆನಿಸುತ್ತದೆ.

ನನ್ನ ತಂಗಿಯ ಮಗಳು ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ಲೀಡ್ಸ್ ನಗರದಲ್ಲಿದ್ದಾಳೆ. ಮಕ್ಕಳಿಗೆ ಹತ್ತು ಮತ್ತು ಏಳು ವರ್ಷ. ನನ್ನ ಸಂಗ್ರಹಕ್ಕೆ ಒಂದು ಬ್ಯಾಡ್ಜಿಗೆ ಹಣ ಕಟ್ಟಿದ ಮೇಲೆ, ಡಿಸೆಂಬರಿನಲ್ಲಿ ಅವರು ತೀರ್ಥಹಳ್ಳಿಯ ಮನೆಗೆ ಬಂದಾಗ ಕೊಡಲು ಇನ್ನೆರಡನ್ನು ತರಿಸುವ ಉತ್ಸಾಹ ಹುಟ್ಟಿ ಅವಳಿಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, ‘ದೊಡ್ಡಮ್ಮ, ಅದನ್ನ ಕೊಳ್ಳೋದಲ್ಲ, ಮಕ್ಕಳೇ ಬರೆದು ತಗೋಬೇಕು. ಗೇಟಲ್ಲಿ ಫೋಟೊ ಇರೋ ಕಾರ್ಡ್ ಕೇಳ್ತಾರೆ. ನೀವು ಕೊಟ್ಟಿದ್ದನ್ನ ಹಾಕ್ಕೊಂಡು ಹೋದ್ರೆ ಮಕ್ಕಳಿಗೇ ಅವಮಾನ’ ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನಾಟಿತು. ಶಾಲೆಯ ದಿನಗಳಲ್ಲಿ ಅಡುಗೆಯ ಪರೀಕ್ಷೆಗೆ ಅಮ್ಮ ಮಾಡಿಕೊಟ್ಟ ಕಡುಬು ತಂದ ಹುಡುಗಿಯೊಬ್ಬಳಿಗೆ ನಾನು ಬ್ಯಾಡ್ಜ್ ಕೊಡದೆ ವಾಪಸು ಕಳಿಸಿದ್ದುಂಟು. ಅವಳ ಮುಖ ಆಗ ನೆನಪಿಗೆ ಬಂತು.

ಆ ದಿನವೇ ಮಾರಾಟಗಾರನಿಗೆ ಸಂದೇಶ ಕಳಿಸಿ, ಭಾವಚಿತ್ರವಿರುವ ಚೀಟಿ ಇಲ್ಲದೆ ಪ್ರವೇಶ ಹೇಗೆ ಸಿಗುತ್ತದೆಂದು ಕೇಳಿದೆ. ಬಂದ ಉತ್ತರ ಎರಡೇ ಸಾಲು. ಇನ್ನೂ ಸ್ವಲ್ಪ ಹಣ ಕೊಟ್ಟರೆ ಬೇರೆ ಮಗುವಿನ ಚೀಟಿಯೊಂದನ್ನು ಸೇರಿಸಿ ಕಳಿಸಬಹುದು, ರಜೆಯ ದಿನಗಳ ನೂಕುನುಗ್ಗಲಿನಲ್ಲಿ ಚಿತ್ರವನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿಯವರೆಗೆ ಇದು ಅರ್ಧ ತಿಳಿಸಿ ಅರ್ಧ ಮುಚ್ಚಿಟ್ಟ ವ್ಯಾಪಾರ ಎಂದುಕೊಂಡಿದ್ದೆ, ಈ ಉತ್ತರ ಓದಿದ ಮೇಲೆ ಬೇರೆ ಹೆಸರು ಕೊಡಬೇಕಾಯಿತು. ಯಾರದೋ ಮಗುವಿನ ಹೆಸರು ಮತ್ತು ಭಾವಚಿತ್ರವನ್ನು ಅಪರಿಚಿತರಿಗೆ ಮಾರುವುದು ಒಂದು ತಪ್ಪು. ಏಳು ವರ್ಷದ ಮಗುವಿಗೆ, ಗೇಟಿನ ಮುಂದೆ ನಿಂತು ತಾನು ಇನ್ನೊಬ್ಬನೆಂದು ಹೇಳುವ ಪಾಠ ಕಲಿಸುವುದು ಇನ್ನೊಂದು. ಎರಡನೆಯದಕ್ಕೆ ಮಾರಾಟಗಾರನಷ್ಟೇ ಅಲ್ಲ, ಜೇಬಿನಲ್ಲಿ ನಾಲ್ಕು ಕಾಸು ಉಳಿಸಲು ಹೊರಟ ತಂದೆತಾಯಿಯೂ ಬಾಧ್ಯರು. ಎರಡು ಬ್ಯಾಡ್ಜುಗಳ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಹಣ ಕಟ್ಟಿದ ಮೊದಲ ಬ್ಯಾಡ್ಜ್ 23 ದಿನಗಳಿಗೆ ಬಂತು. ಬೆಂಗಳೂರಿನ ವಿದೇಶಿ ಅಂಚೆ ಕಚೇರಿಯಲ್ಲಿ ಸುಂಕದ ಲೆಕ್ಕಕ್ಕಾಗಿ ನಿಂತದ್ದು ಬಿಟ್ಟರೆ ಸಾಗಣೆಯಲ್ಲಿ ದೂರುವಂಥದ್ದೇನೂ ಇಲ್ಲ. ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದ್ದಾಗ ನಮ್ಮ ಅಂಚೆಯಣ್ಣ ಲಕೋಟೆಯನ್ನು ತನ್ನ ಮಳೆ ಅಂಗಿಯೊಳಗೆ ಇಟ್ಟುಕೊಂಡು ತಂದುಕೊಟ್ಟರು. ಒಳಗೆ ಗುಳ್ಳೆಹಾಳೆಯ ಎರಡು ಸುತ್ತು, ಅದರೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ರಟ್ಟಿನ ಡಬ್ಬಿ. ಸುತ್ತುವುದರಲ್ಲಿ ಮಾರಾಟಗಾರ ಅಚ್ಚುಕಟ್ಟು ಎಂದು ಒಪ್ಪಬೇಕು.

ಬ್ಯಾಡ್ಜನ್ನು ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಗುರಾಣಿಯ ಆಕಾರ. ಪ್ಲಾಸ್ಟಿಕ್ಕಿನ ಬಿಳಿ ಈಗ ಹಳೆಯ ಹಾರ್ಮೋನಿಯಂ ಮನೆಗಳ ಬಣ್ಣಕ್ಕೆ ತಿರುಗಿದೆ. ಹಡಗಿನ ನೀಲಿ ಎರಡು ಹಾಯಿಗಳ ತುದಿಯಲ್ಲಿ ಸವೆದಿದೆ, ಅಂಚಿನಲ್ಲಿ ಅಚ್ಚಿನಿಂದ ಬಿಡಿಸಿದ ಕಡೆ ಕೂದಲೆಳೆಯಷ್ಟು ಸೀಳು ಗೆರೆ. ಹಿಂಬದಿಯ ಪಿನ್ನಿಗೆ ಒಂದು ಚುಕ್ಕೆ ತುಕ್ಕು, ಆದರೆ ಕೊಕ್ಕೆ ಸರಿಯಾಗಿ ಕೂರುತ್ತದೆ. ಯಾರೋ ಇದನ್ನು ಡಬ್ಬಿಯಲ್ಲಿ ಕಾಪಿಟ್ಟಿರಲಿಲ್ಲ, ದಿನವೂ ಹಾಕಿಕೊಂಡು ಓಡಾಡಿದ್ದರು. ಸಂಗ್ರಾಹಕರ ಕಣ್ಣಿಗೆ ಇದು ಮಧ್ಯಮ ದರ್ಜೆ. ನನ್ನ ಕಣ್ಣಿಗೆ ಇಂಥದ್ದೇ ಚೆಂದ.

ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಬ್ಯಾಡ್ಜ್ ಅಸಲಿ ಎಂಬುದಕ್ಕೆ ಪುರಾವೆಯಾಗಿ, ಅದರೊಂದಿಗೆ ಆ ಕಾಲದಲ್ಲಿ ಬಂದಿದ್ದ ಪತ್ರವನ್ನೂ ಮಾರಾಟಗಾರ ಸೇರಿಸಿದ್ದ. ತಾರೀಖು 1994ರದು. ಮಗುವಿನ ಹೆಸರಿನ ಮೇಲೆ ಕಪ್ಪು ಶಾಯಿಯ ಪೆನ್ನನ್ನು ದಪ್ಪವಾಗಿ ಎಳೆಯಲಾಗಿತ್ತು, ಕೆಳಗಿನ ಒಕ್ಕಣೆ ಹಾಗೇ ಇತ್ತು. ಹಕ್ಕಿಗೂಡಿನ ಚಿತ್ರ ಕಳಿಸಿದ್ದಕ್ಕೆ ಮೆಚ್ಚುಗೆ, ಅದರ ಮಾಡಿಗೆ ಆ ಮಗು ಬಳಸಿದ್ದ ಸಾಮಗ್ರಿಯ ಬಗ್ಗೆ ಒಂದು ಪ್ರಶ್ನೆ, ಬ್ಯಾಡ್ಜ್ ಕಳಿಸುತ್ತಿರುವ ಸುದ್ದಿ. ಕಾಗದವನ್ನು ಬೆಳಕಿಗೆ ಹಿಡಿದರೆ ಶಾಯಿಯ ಅಡಿಯ ಹೆಸರು ಓದುವಷ್ಟು ಕಾಣುತ್ತದೆ. ಓದಿದೆ, ಇಲ್ಲಿ ಬರೆಯುವುದಿಲ್ಲ. ಆ ಮಗು ಈಗ ನಲವತ್ತರ ಆಸುಪಾಸಿನಲ್ಲಿರಬೇಕು. ಅಂದರೆ ಈ ಬ್ಯಾಡ್ಜಿಗೆ ಚೀಟಿ ಎಂದೂ ಇದ್ದಿಲ್ಲ, ಅದನ್ನು ಗಳಿಸಿದವರಿಗೇ ಈಗ ವಯಸ್ಸು ಮೀರಿದೆ. ಅವರಿಗೇ ಇಲ್ಲದ ಪ್ರವೇಶವನ್ನು ಮಾರಾಟಗಾರ ನನಗೆ ಮಾರಿದ್ದ.

ಈ ಪತ್ರಗಳ ಹಿಂದೆ ಒಂದು ಕಥೆಯಿದೆ. 1962ರಲ್ಲಿ ಕಾರ್ಯಕ್ರಮಕ್ಕೆ ಸೇರಿ ಮುಂದೆ ಬಹುಕಾಲ ಅದರ ಸಂಪಾದಕಿಯಾಗಿದ್ದ ಬಿಡ್ಡಿ ಬ್ಯಾಕ್ಸ್ಟರ್ ಚಿಕ್ಕವರಿದ್ದಾಗ ತಮ್ಮ ಮೆಚ್ಚಿನ ಲೇಖಕಿಗೆ ಒಂದು ಪತ್ರ ಬರೆದರು, ಉತ್ತರ ಬಂತು. ಖುಷಿಯಿಂದ ಎರಡನೆಯ ಪತ್ರ ಬರೆದರೆ ಮೊದಲು ಬಂದಿದ್ದ ಉತ್ತರವೇ ಮತ್ತೆ ಬಂತು. ಆ ನೋವು ಮರೆಯದ ಆಕೆ ಬ್ಲೂ ಪೀಟರ್ ಕಚೇರಿಯಲ್ಲಿ ಪತ್ರ ಬರೆದ ಮಕ್ಕಳ ಹೆಸರಿಗೆ ಒಂದೊಂದು ಕಾರ್ಡ್ ತೆರೆದು, ಯಾರು ಏನು ಬರೆದರು, ಏನು ಉತ್ತರ ಹೋಯಿತು ಎಂಬುದನ್ನು ದಾಖಲಿಸುವ ಪದ್ಧತಿ ತಂದರು. ಎರಡನೆಯ ಸಲ ಬರೆದ ಮಗುವಿಗೆ ತನ್ನನ್ನು ಅಲ್ಲಿ ಯಾರೋ ಬಲ್ಲರು ಎನಿಸಬೇಕೆಂಬುದು ಉದ್ದೇಶ. ಬ್ಯಾಡ್ಜಿನ ಕಲ್ಪನೆಯೂ ಆಕೆಯದೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬ್ಯಾಡ್ಜ್ ಎಂಬುದು ಒಂದು ಉತ್ತರದ ಭಾಗ, ಇಂತಿಂಥ ಮಗುವಿಗೆ ಇಂತಿಂಥ ಕೆಲಸಕ್ಕಾಗಿ ಬಂದದ್ದು. ಹೆಸರಿನ ಮೇಲೆ ಶಾಯಿ ಎಳೆದಾಗ ಮಾರಾಟಗಾರ ತನಗರಿವಿಲ್ಲದೆಯೇ ತನ್ನ ಸರಕಿನಿಂದ ಮುಖ್ಯವಾದದ್ದನ್ನು ಅಳಿಸಿದ.

ಹಾಗೆಂದು ಬ್ಯಾಡ್ಜ್ ಮಾರುವುದೇ ತಪ್ಪು ಎಂದು ನಾನು ಹೇಳಲಾರೆ; ಹೇಳಿದರೆ ನನ್ನ ಕಪಾಟೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತದೆ. ಬೆಳೆದು ದೊಡ್ಡವರಾದವರು ತಮ್ಮ ಬಾಲ್ಯದ ವಸ್ತುವನ್ನು ಮಾರುವುದು, ತೀರಿಹೋದವರ ಮೇಜಿನ ಖಾನೆಯಲ್ಲಿ ಸಿಕ್ಕದ್ದನ್ನು ಮನೆಯವರು ವಿಲೇವಾರಿ ಮಾಡುವುದು ಅವರವರ ಇಷ್ಟ. 2006ರ ಚೀಟಿಯ ನಿಯಮದ ದೊಡ್ಡ ಉಪಕಾರ ಇರುವುದೇ ಇಲ್ಲಿ ಎಂದು ನನ್ನ ಎಣಿಕೆ: ಸೌಲಭ್ಯವನ್ನು ಚೀಟಿಗೆ ಕಟ್ಟಿ, ಬ್ಯಾಡ್ಜನ್ನು ಮತ್ತೆ ಬರಿಯ ಬ್ಯಾಡ್ಜಾಗಿ ಬಿಟ್ಟುಕೊಟ್ಟಿತು. ಈಗ ಸಂಗ್ರಾಹಕರು ಯಾವ ಮಗುವಿನ ಹಕ್ಕನ್ನೂ ಕಸಿಯದೆ ಅದನ್ನು ಕೊಳ್ಳಬಹುದು. ಆದರೆ ಆಗ ಬೆಲೆಯೂ ಬರಿಯ ಬ್ಯಾಡ್ಜಿನದಾಗಿರಬೇಕು. ಅದೇ ತಾಣದಲ್ಲಿ, ಉಚಿತ ಪ್ರವೇಶದ ಮಾತೆತ್ತದೆ, ಸವೆತದ ಗುರುತುಗಳನ್ನು ಒಂದೊಂದಾಗಿ ಬರೆದು ಮಾರುತ್ತಿದ್ದ ಇನ್ನೊಬ್ಬರ ಬಳಿ ಇಂಥದ್ದೇ ಬ್ಯಾಡ್ಜ್ 7 ಪೌಂಡಿಗೆ ಇತ್ತು. ಉಳಿದ 11 ಪೌಂಡನ್ನು ನಾನು ಕೋಟೆಯ ಬಾಗಿಲಿನ ಚಿತ್ರಕ್ಕೆ ಕೊಟ್ಟೆ. ನಮ್ಮ ಮಂಡಿಯಲ್ಲಿ ಗೊರಬಲು ಎಂಬ ಕೆಳದರ್ಜೆಯ ಅಡಿಕೆಯ ಚೀಲದ ಬಾಯಿಗೆ, ಸರಕು ಎಂದು ಕರೆಯುವ ಮೇಲ್ದರ್ಜೆಯ ಅಡಿಕೆಯನ್ನು ನಾಲ್ಕು ಹಿಡಿ ಹರಡಿ ತೋರಿಸಿದರೆ, ಚೀಲಕ್ಕೆ ಕೈಯನ್ನು ಮೊಳಕೈವರೆಗೆ ಇಳಿಸಿ ಅಡಿಯಿಂದ ತೆಗೆದು ನೋಡುವುದು ಕೊಳ್ಳುವವನಿಗೆ ಗೊತ್ತಿರುತ್ತದೆ. ಪರದೆಯ ಮೇಲಿನ ಚೀಲಕ್ಕೆ ಕೈ ಇಳಿಸಲಾಗುವುದಿಲ್ಲ, ಆದ್ದರಿಂದ ವಿವರಣೆಯ ಕೊನೆಯ ಸಾಲನ್ನು ಮೊದಲು ಓದಬೇಕು. ನಾನು ಓದಿದ್ದು ಹಣ ಕಟ್ಟಿದ ಮೇಲೆ.

ದೂರಿನ ವಿಷಯದಲ್ಲಿ ತಾಣದ ವರ್ತನೆಯನ್ನೂ ಹೇಳಬೇಕು. ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಭಾರತದ ಗ್ರಾಹಕರಿಗೆ ಮಾರುವ ತಾಣವೊಂದರ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನನಗೆ ಮೊದಲ ಉತ್ತರ ಬಂದದ್ದು ಆರನೆಯ ದಿನ, ಅದೂ ಮುಂದಿನ ಖರೀದಿಗೆ ಶೇಕಡಾ 10 ರಿಯಾಯಿತಿಯ ಆಮಿಷದೊಂದಿಗೆ. ಬೇಡವೆಂದು, ಮಾರಾಟಗಾರನ ಎರಡು ಸಾಲಿನ ಸಂದೇಶವನ್ನೂ ಲಗತ್ತಿಸಿ ಮತ್ತೆ ಬರೆದೆ. ಈ ಬಾರಿ ವಸ್ತುವನ್ನು ಮರಳಿಸಿದರೆ ಪೂರ್ತಿ ಹಣ ಕೊಡುವುದಾಗಿ ಹೇಳಿದರು, ಮರಳಿಸುವ ಅಂಚೆವೆಚ್ಚ ಮಾತ್ರ ನನ್ನದೇ. ಕಟ್ಟಿದ ಸುಂಕ ಹೇಗೂ ಹೋಯಿತು. ನೆಹರು ರಸ್ತೆಗೆ ಹೋಗಿ ಕೊರಿಯರ್ ದರ ವಿಚಾರಿಸಿದ ಮೇಲೆ ಬ್ಯಾಡ್ಜನ್ನು ಇಟ್ಟುಕೊಳ್ಳುವುದೇ ಲಾಭವೆಂದು ಕಂಡಿತು. ಚೀಟಿ ಮಾರುವ ಪ್ರಸ್ತಾಪದ ಬಗ್ಗೆ ಅವರು ಒಂದಕ್ಷರವನ್ನೂ ಬರೆಯಲಿಲ್ಲ. ಹದಿನೈದು ದಿನಗಳ ನಂತರ ನೋಡಿದಾಗ ತಲೆಬರಹದಿಂದ ‘ಉಚಿತ ಪ್ರವೇಶ’ ಮಾಯವಾಗಿತ್ತು, ಕೋಟೆಯ ಬಾಗಿಲು ಚಿತ್ರದಲ್ಲಿ ಹಾಗೇ ಇತ್ತು.

ಪಟ್ಟು ಹಿಡಿಯುವವರಿಗೆ ದಾರಿ ಇಲ್ಲವೆಂದಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ, ಎರಡು ವರ್ಷದೊಳಗೆ ಸಲ್ಲಿಸಿದರೆ ಸಾಕು. ಸಮುದ್ರದಾಚೆಯ ಮಾರಾಟಗಾರನಿಂದ 11 ಪೌಂಡ್ ವಸೂಲಿಗೆ ನಾನು ಅಷ್ಟು ದೂರ ಹೋಗುವುದಿಲ್ಲ. ಮಗುವಿನ ಭಾವಚಿತ್ರವಿರುವ ಚೀಟಿಯನ್ನು ಮಾರಲು ಹೊರಟಿರುವ ಸಂಗತಿಯನ್ನು ಮಾತ್ರ ಕಾರ್ಯಕ್ರಮದವರಿಗೆ ಪುರಾವೆಸಹಿತ ತಿಳಿಸಿದ್ದೇನೆ.

ಅಂಕ ಕೊಡುವ ಅಭ್ಯಾಸ ಬಿಡದ ಕಾರಣ ಹೇಳುತ್ತೇನೆ: ವಸ್ತುವಿಗೆ ಐದಕ್ಕೆ ನಾಲ್ಕು, ಸುತ್ತಿ ಕಳಿಸಿದ ರೀತಿಗೆ ನಾಲ್ಕು, ತಾಣದ ದೂರು ವಿಭಾಗಕ್ಕೆ ಎರಡು, ಮಾರಾಟದ ವಿವರಣೆಗೆ ಸೊನ್ನೆ. ಮೊದಲು ಯೋಚಿಸಿದ್ದ ಅರ್ಧ ಅಂಕವನ್ನು ಆ ಎರಡು ಸಾಲಿನ ಉತ್ತರಕ್ಕಾಗಿ ಕಳೆದಿದ್ದೇನೆ. ಸಂಗ್ರಹಕ್ಕೆ ಬೇಕೆಂದವರು ಸವೆತದ ವಿವರ ಬರೆದವರಲ್ಲಿ ಕೊಳ್ಳಲಿ, ಹಿಂಬದಿಯ ಪಿನ್ನಿನ ಚಿತ್ರ ಕೇಳಿ ತರಿಸಿಕೊಳ್ಳಲಿ. ಚಿನ್ನದ ಬಣ್ಣದ್ದು ಅಗ್ಗಕ್ಕೆ ಕಂಡರೆ ಅನುಮಾನಪಡಲಿ. ಪ್ರವೇಶಕ್ಕೆ ಬೇಕೆಂದವರು ಮಕ್ಕಳ ಕೈಗೆ ಬಣ್ಣದ ಪೆನ್ಸಿಲ್ ಕೊಡಲಿ. ಲೀಡ್ಸಿನ ಹತ್ತು ವರ್ಷದವಳು, ತೀರ್ಥಹಳ್ಳಿಯ ಅಜ್ಜನ ಮನೆಯ ಅಂಗಳದಲ್ಲಿ ಅಡಿಕೆ ಹಾಳೆಯಿಂದ ಟೊಪ್ಪಿ ಮಾಡುವ ಬಗೆಯನ್ನು ಆರು ಚಿತ್ರಗಳಲ್ಲಿ ಬಿಡಿಸಿ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಏಳು ವರ್ಷದವನು ಅಕ್ಕನದೇ ಚಿತ್ರದ ಮೇಲೆ ತನ್ನ ಹೆಸರನ್ನೂ ಬರೆಯಲು ಹೋಗಿ ಬೈಸಿಕೊಂಡನಂತೆ.

ಕಳೆದ ವಾರ ಭದ್ರಾವತಿಯ ಸಂಗ್ರಾಹಕರೊಬ್ಬರು ಮನೆಗೆ ಬಂದಿದ್ದರು. ಈ ಬ್ಯಾಡ್ಜ್ ಅವರ ಕಣ್ಣಿಗೆ ಬಿದ್ದು, ಬದಲಿಗೆ ಅಂಚೆಪೇದೆಯ ಹಳೆಯ ಹಿತ್ತಾಳೆ ಬಿಲ್ಲೆಯೊಂದನ್ನು ಕೊಡುವುದಾಗಿ ಹೇಳಿದರು. ನನಗೂ ಆಸೆಯಾಯಿತು. ಒಂದು ಚೀಟಿಯಲ್ಲಿ ‘ಬ್ಲೂ ಪೀಟರ್, ಪ್ಲಾಸ್ಟಿಕ್, 1994, ಹಾಯಿಯ ತುದಿ ಸವೆದಿದೆ, ಪಿನ್ನಿಗೆ ತುಕ್ಕಿದೆ, ಇದರಿಂದ ಎಲ್ಲಿಗೂ ಉಚಿತ ಪ್ರವೇಶವಿಲ್ಲ’ ಎಂದು ಬರೆದು ಬ್ಯಾಡ್ಜಿನೊಂದಿಗೆ ಅವರ ಮುಂದಿಟ್ಟೆ. ಅವರು ನಕ್ಕು, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ‘ಮೇಡಂ, ಆ ಕಾಗದವನ್ನೂ ಸೇರಿಸಿಯೇ ತಾನೆ?’ ಎಂದು ಕೇಳಿದರು. ಕಾಗದ ಇಲ್ಲ, ಬರಿಯ ಬ್ಯಾಡ್ಜ್ ಎಂದೆ.